ಕೊನೆಯ ಗುಟುಕು

“ಬಾಯಿ ತೆಗಿ. ಊದು,” ಎಂದೆ.

“ಊದಲ್ಲ. ನನ್ ಬಾಯಿ ಊದ್ಸಕ್ಕೆ ನೀನ್ಯಾವಳೇ? ಪೊಲೀಸಾ?”

“ಪೊಲೀಸಲ್ಲ ಕಣಕ್ಕ. ನಿನ್ ಕೈಯಾಗೆ ಗಂಜಿ ಕುಡ್ದು ಬದುಕ್ದೋಳು. ಊದು ಅಂದ್ರೆ ಊದು.”

“ಚೌಡಿ, ತಲೆ ತಿನ್ಬ್ಯಾಡ. ಸಂಜೆಗೆ ಮೆರವಣಿಗೆ ಐತೆ. ತಮಟೆ ಕೊಡು ಇತ್ಲಾಗೆ.”

ತಮಟೆಯನ್ನು ನಾನು ಕೊಡಲಿಲ್ಲ. ಅದನ್ನು ಗೋಡೆಯ ಮೊಳೆಯಿಂದ ಇಳಿಸುವಾಗಲೇ ಅದರ ಹಿಂಬದಿಯಿಂದ ಎರಡು ಸಾರಾಯಿ ಪ್ಯಾಕೆಟ್ಟು ನೆಲಕ್ಕೆ ಬಿದ್ದಿದ್ದವು. ಒಂದು ತುಂಬಿದ್ದು. ಇನ್ನೊಂದು ಹಲ್ಲಿನಲ್ಲಿ ಮೂಲೆ ಕಚ್ಚಿ ಹೀರಿ ಖಾಲಿ ಮಾಡಿದ್ದು. ಸಾರಾಯಿಯ ವಿರುದ್ಧ ಬಡಿಯುವ ತಮಟೆ, ಅದರ ಹೊಟ್ಟೆಯೊಳಗೆ ಸಾರಾಯಿ. ಸಂಘದ ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಬ್ಬಳು ನಾನು, ಇನ್ನೊಬ್ಬಳು ನಮ್ಮ ಸಂಘ ಕಟ್ಟಿದ ದ್ಯಾವಕ್ಕ.

“ಬೋರಲಿಂಗಂದು ಇರ್ಬೇಕು,” ಎಂದಳು.

“ಥೂ ನಿನ್ ನಾಲಿಗೆಗಿಷ್ಟು! ಸೈಕಲ್ ಪಂಚರ್ ಹಾಕ್ಕಂಡು ತನ್ ಪಾಡಿಗೆ ತಾನಿರೋ ಹುಡುಗನ್ ಮ್ಯಾಲೆ ಹಾಕ್ತೀಯಲ್ಲ! ಅವನ ಚಟ ಬಿಡ್ಸಿದ್ದು ನೀನೇ ಅಲ್ವಾ? ನಾಚ್ಕೆ ಆಗಲ್ವಾ ನಿಂಗೆ?”

ಅವಳು ಮೂಲೆಯಲ್ಲಿದ್ದ ಭಿತ್ತಿಪತ್ರಗಳ ಕಟ್ಟಿನ ಮೇಲೆ ಕುಸಿದು ಕೂತಳು. ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. ಬೆರಳುಗಳು ಗಾಳಿಗೆ ಸಿಕ್ಕಿದ ಹುಣಸೆ ಎಲೆಯ ಹಾಗೆ ನಡುಗುತ್ತಿದ್ದವು. ಆಮೇಲೆ ಬಾಯಿ ತೆರೆದು ನನ್ನ ಮುಖಕ್ಕೆ ಊದಿದಳು. ಆ ವಾಸನೆ ನನಗೆ ಗೊತ್ತು. ಹುಟ್ಟಿದಾಗಿನಿಂದ ಗೊತ್ತು. ನನ್ನ ತಾಯಿಯ ಸೆರಗಿನಲ್ಲಿ ಇದ್ದದ್ದೇ ಅದು.

ಇಷ್ಟಕ್ಕೆ ನಾನು ಅಷ್ಟೊಂದು ಕೂಗಾಡಿದ್ದು ಯಾಕೆ ಎಂದು ತಿಳಿಯಬೇಕಾದರೆ ನಮ್ಮ ಊರಿನ ಲೋಟದ ವಿಷಯ ತಿಳಿದಿರಬೇಕು.

ನಮ್ಮ ಊರಿನಲ್ಲಿ ಕುಡಿತದ ಚಟ ತಾನಾಗಿ ಹೋಗುವುದಿಲ್ಲ, ಮೈ ಬದಲಾಯಿಸುತ್ತದೆ. ಕುಡಿಯುವವನು ಒಂದು ಲೋಟ ನೀರು ತೆಗೆದುಕೊಂಡು ಒಂದು ಗುಟುಕು ಕುಡಿದು ಇಡುತ್ತಾನೆ. ಉಳಿದ ಎಂಜಲು ನೀರನ್ನು ಯಾರು ಕುಡಿಯುತ್ತಾರೋ ಅವರಿಗೆ ಅವನ ಚಟ ಇಳಿಯುತ್ತದೆ. ಒಬ್ಬರೇ ಕುಡಿದರೆ ಪೂರ್ತಿ, ಹತ್ತು ಜನ ಕುಡಿದರೆ ಹತ್ತು ಪಾಲು. ನೆಲಕ್ಕೆ ಚೆಲ್ಲಿದರೆ ಒಡೆಯನಿಗೇ ವಾಪಸು. ಹೊರಗಿನಿಂದ ಬಂದವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಇದು ಬಿಸಿಲಿಗೆ ಬಟ್ಟೆ ಒಣಗುವಷ್ಟೇ ಮಾಮೂಲಿ. ನನಗೆ ಚಿಕ್ಕಂದಿನಿಂದ ಆಶ್ಚರ್ಯವಾಗುತ್ತಿದ್ದದ್ದು ಬೇರೆಯದೇ. ತಮ್ಮ ಬಾವಿಯ ಹಗ್ಗ ಮುಟ್ಟಿದರೆ ಬೈಯುತ್ತಿದ್ದ ಮನೆಗಳವರು ಎಂಜಲು ಲೋಟವನ್ನು ಮಾತ್ರ ನಮ್ಮ ಕೇರಿಯ ಹೆಂಗಸರನ್ನು ಕರೆದು ಕರೆದು ಕೊಡುತ್ತಿದ್ದರು.

ಕಂಟ್ರಾಕ್ಟರ್ ರಾಚಣ್ಣನ ಅಂಗಡಿಯ ಮುಂಬಾಗಿಲಲ್ಲಿ ಸಾರಾಯಿ ಮಾರುತ್ತಿದ್ದರು. ಹಿಂಬಾಗಿಲಲ್ಲಿ ಒಂದು ಕಲ್ಲುಬೆಂಚು. ಅದರ ಮೇಲೆ ನಾವು ಕೂರುತ್ತಿದ್ದೆವು. ಬೇರೆ ಕೇರಿಯವರು ಕಳೆ ಕೀಳಲು ಹೋಗುತ್ತೇನೆ ಅನ್ನುವ ಹಾಗೆ ನಾವು ‘ಲೋಟಕ್ಕೆ ಹೋಗ್ತೀನಿ’ ಅನ್ನುತ್ತಿದ್ದೆವು. ಮಗಳ ಮದುವೆ ಹತ್ತಿರ ಬಂದವನು, ಡಾಕ್ಟರು ಹೆದರಿಸಿ ಕಳಿಸಿದವನು, ಚುನಾವಣೆಗೆ ನಿಲ್ಲುವವನು, ಎಲ್ಲರೂ ಹಿಂಬಾಗಿಲಿಗೆ ಬಂದು ಒಂದು ಗುಟುಕು ಕುಡಿದು, ಇಸ್ತ್ರಿ ಅಂಗಿ ಹಾಕಿಕೊಂಡು, ಹೊಸ ಮನುಷ್ಯರಾಗಿ ಮನೆಗೆ ಹೋಗುತ್ತಿದ್ದರು. ನಾವು ಉಳಿದದ್ದನ್ನು ಕುಡಿದು ಕೂಲಿ ತೆಗೆದುಕೊಂಡು ಎದ್ದರೆ ಗಂಟಲು ಉರಿಯುತ್ತಿತ್ತು. ಅಂಗಡಿಯನ್ನು ಸುತ್ತಿ ಮುಂಬಾಗಿಲಿಗೆ ಬಂದು ಅದೇ ಕೂಲಿ ಕೊಟ್ಟು ಸಾರಾಯಿ ಕೊಳ್ಳುತ್ತಿದ್ದೆವು. ರಾಚಣ್ಣನಿಗೆ ಎರಡೂ ಕಡೆ ಲಾಭ. ನನ್ನ ತಾಯಿ ಆ ಕಲ್ಲುಬೆಂಚಿನ ಮೇಲೆಯೇ ಪ್ರಾಣ ಬಿಟ್ಟಳು. ಅವಳ ಜಾಗದಲ್ಲಿ ನಾನು ಕೂತೆ. ಏಳನೇ ಕ್ಲಾಸು ಪಾಸು ಮಾಡಿದ್ದೆ, ಕೈಬರಹ ಚೆನ್ನಾಗಿದೆ ಎಂದು ಮೇಷ್ಟರು ಹೊಗಳಿದ್ದರು. ಗಿರಣಿ ಸಾವುಕಾರನ ಲೋಟ ಎತ್ತಲು ಕೈಬರಹ ಬೇಕಾಗಿರಲಿಲ್ಲ.

ಇಳಿದ ಚಟ ಒಣಗುವುದಕ್ಕೂ ದಾರಿಯಿದೆ. ನೆರಳಿನಲ್ಲಿ ಚಾಪೆ ಹಾಸಿಕೊಂಡು, ಗಂಜಿ ಕುಡಿದುಕೊಂಡು, ತಲೆಗೆ ಹರಳೆಣ್ಣೆ ಹಾಕಿಸಿಕೊಂಡು, ಯಾರ ಕೆಲಸವನ್ನೂ ಮಾಡದೆ ಬಿದ್ದುಕೊಳ್ಳಬೇಕು. ತನ್ನ ಕೆಲಸವನ್ನೂ ಮಾಡಬಾರದು. ಪಾಲು ಚಿಕ್ಕದಾದರೆ ಬೇಗ ಒಣಗುತ್ತದೆ, ದೊಡ್ಡದಾದರೆ ಒಂದು ಬೆಳೆ ಬಿತ್ತಿ ಕುಯ್ಯುವಷ್ಟು ಕಾಲ ಬೇಕು. ನಡುವೆ ಎದ್ದು ಮೈಮುರಿದು ದುಡಿದರೆ ಮತ್ತೆ ಹಸಿಯಾಗುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಲೋಟದ ಕೇರಿಯಲ್ಲಿ ದುಡಿಯದೆ ಮಲಗುವ ಯೋಗ ಯಾರಿಗಿತ್ತು?

ದ್ಯಾವಕ್ಕ ಹಾಗೆ ಮಲಗಿ ಎದ್ದ ಮೊದಲ ಹೆಂಗಸು. ತಮ್ಮನ ದನದ ಕೊಟ್ಟಿಗೆಯಲ್ಲಿ ಬಿದ್ದುಕೊಂಡಿದ್ದಳಂತೆ. ತಮ್ಮನ ಹೆಂಡತಿ ಬೈದಳು, ಊರು ನಕ್ಕಿತು, ಇವಳು ಮಾತ್ರ ಏಳಲಿಲ್ಲ. ಒಣಗಿ ಎದ್ದವಳು ನೆಟ್ಟಗೆ ಕಲ್ಲುಬೆಂಚಿಗೆ ಬಂದು ನನ್ನ ರಟ್ಟೆ ಹಿಡಿದಳು. “ಏಳೇ ಮೇಲಕ್ಕೆ. ನಿಮ್ಮವ್ವನ ಹಂಗೆ ಇಲ್ಲೇ ಹೆಣ ಆಗ್ತೀಯಾ?” ಎಂದಳು. ನಾನು ಅವಳಿಗೆ ಉಗಿದೆ. ಅವಳು ಒರೆಸಿಕೊಂಡು ಮತ್ತೆ ರಟ್ಟೆ ಹಿಡಿದಳು. ನನ್ನ ಲೋಟವನ್ನು ಹತ್ತು ಹೆಂಗಸರು ಹಂಚಿಕೊಂಡು ಕುಡಿದರು. ಅವರು ಕುಡಿದು ಉಳಿದ ತಳದ ಪಾಲನ್ನು ನಾನೇ ಕುಡಿದು, ಅದನ್ನು ಒಣಗಿಸಲು ಪಾಳುಬಿದ್ದ ಆಲೆಮನೆಯಲ್ಲಿ ನಾನು ಮಲಗಿದೆ. ಅವರೇಕಾಯಿ ಕಾಲ ಪೂರ್ತಿ ದ್ಯಾವಕ್ಕ ನನ್ನ ತಲೆ ಬಾಚಿದಳು. ನಾನು ಬೈದಷ್ಟೂ ಜಡೆ ಬಿಗಿಯಾಗಿ ಹಾಕುತ್ತಿದ್ದಳು.

ಹೀಗೆ ಸಂಘ ಆಯಿತು. ಆಲೆಮನೆ ಬಿಡುವಿನ ಮನೆಯಾಯಿತು. ಬಿಸಿಲೇರಿದರೆ ಅದರ ಗೋಡೆಗಳಿಂದ ಈಗಲೂ ಬೆಲ್ಲದ ವಾಸನೆ ಬರುತ್ತದೆ. ‘ದುಡಿಮೆಯಷ್ಟೇ ಬಿಡುವೂ ನಮ್ಮ ಹಕ್ಕು’ ಎಂದು ಬಾಗಿಲ ಮೇಲೆ ನಾನೇ ಬರೆದೆ. ಕೂಲಿಗೆ ಲೋಟ ಎತ್ತಕೂಡದು, ಒಬ್ಬರ ಚಟವನ್ನು ಒಬ್ಬರೇ ಕುಡಿಯಕೂಡದು, ಕುಡಿದವರು ಬಿಡುವಿನ ಮನೆಗೆ ಹೋಗದೆ ಇರಕೂಡದು. ಸಭೆ ಸೇರಿದಾಗಲೆಲ್ಲ ಒಂದೇ ಲೋಟದಲ್ಲಿ ಎಲ್ಲರೂ ನೀರು ಕುಡಿಯುವುದು ನಮ್ಮ ಪದ್ಧತಿ. ಯಾರ ಎಂಜಲೂ ಯಾರಿಗೂ ಹೇಸಿಗೆಯಲ್ಲ ಎಂದು ತೋರಿಸಲು ಮಾಡಿದ್ದು. ಬೀಡಿ ಕಟ್ಟುವ ಮಾಬೂಬಿ ಕುಡಿದದ್ದನ್ನು ನಾನು ಕುಡಿಯುತ್ತಿದ್ದೆ, ನಾನು ಕುಡಿದದ್ದನ್ನು ಬೋರಲಿಂಗ ಕುಡಿಯುತ್ತಿದ್ದ. ತಳದಲ್ಲಿ ಉಳಿದದ್ದನ್ನು ದ್ಯಾವಕ್ಕ ಕುಡಿಯುತ್ತಿದ್ದಳು. “ಮುಂದೆ ನಡೆಯೋರು ಕೊನೇಲಿ ಕುಡೀಬೇಕು,” ಎನ್ನುತ್ತಿದ್ದಳು. ಊಟಕ್ಕೂ ಅಷ್ಟೇ, ನೆರಳಿಗೂ ಅಷ್ಟೇ, ಅವಳದು ಕೊನೆ. ಅವಳ ಈ ಗುಣವನ್ನು ನಾವು ಊರೂರಲ್ಲಿ ಭಾಷಣದಲ್ಲಿ ಹೇಳಿ ಚಪ್ಪಾಳೆ ಹೊಡೆಸಿದ್ದೇವೆ.

ಆ ಸಂಜೆ ಮೆರವಣಿಗೆ ನಡೆಯಲಿಲ್ಲ. ನಾನೇ ನಿಲ್ಲಿಸಿದೆ. ಸಂಘದವರನ್ನೆಲ್ಲ ಕೋಣೆಗೆ ಕರೆದು, ಬಾಗಿಲು ಹಾಕಿ, ಎರಡೂ ಪ್ಯಾಕೆಟ್ಟುಗಳನ್ನು ನಡುವೆ ಇಟ್ಟೆ. ದ್ಯಾವಕ್ಕ ಗೋಡೆಗೆ ಒರಗಿ ಕೂತಿದ್ದಳು. ಮಾಬೂಬಿಯ ಬೆರಳುಗಳು ಬೀಡಿ ಸುತ್ತುತ್ತಲೇ ಇದ್ದವು.

“ಯಾವಾಗಿಂದ?” ಎಂದು ಕೇಳಿದ್ದು ಮಾಬೂಬಿ.

“ಗೊತ್ತಿಲ್ಲ ಕಣವ್ವ,” ಎಂದಳು ದ್ಯಾವಕ್ಕ. “ಮೊದ್ಲು ಬರೀ ಗಂಟ್ಲು ಒಣಗೋದು. ಭಾಷಣ ಮಾಡಿದ್ದಕ್ಕೆ ಅಂದ್ಕಂಡೆ. ಆಮ್ಯಾಕೆ ನಿದ್ದೆ ಹೋಯ್ತು. ನಂದೆಲ್ಲ ಕೊಟ್ಟಿಗೇಲೇ ಒಣಗೋಗಿತ್ತಲ್ಲ, ಇದೆಲ್ಲಿಂದ ಬಂತು ಅಂತ ನಂಗೇ ತಿಳೀದು.”

ಮಾಬೂಬಿ ಕೈಯಲ್ಲಿದ್ದ ಬೀಡಿಯನ್ನು ಮೊರದಲ್ಲಿ ಇಟ್ಟಳು. “ಚೌಡಕ್ಕ, ಒಂದು ಮಾತು ಹೇಳು. ಬಿಡುವಿನ ಮನೇಲಿ ನೀನು ಪೂರಾ ಮಲಗಿದ್ಯಲ್ಲ, ನಿನ್ ಬಿಟ್ಟು ಯಾರ್ ಮಲಗಿದ್ರು? ನಾನು ಎದ್ದು ಬಂದೆ, ಬೀಡಿ ಕಂಪ್ನಿಯೋನು ಎಲೆ ಕೊಡಲ್ಲ ಅಂದ. ಬೋರಲಿಂಗ ಎದ್ದು ಬಂದ, ಅಂಗಡಿ ಮುಚ್ಚೈತೆ ಅಂತ. ಎಲ್ಲಾರೂ ಅರ್ಧ ಒಣಗ್ದೋರೆ. ಹಸೀದು ಹೊಟ್ಟೇಲಿ ಇಟ್ಕಂಡು ಒಂದೇ ಲೋಟದಾಗೆ ಕುಡೀತಾ ಬಂದ್ವಿ. ಕುಡ್ಕುಡ್ದು ಮುಂದಿನೋರಿಗೆ ದಾಟಿಸ್ತಾ ಬಂದ್ವಿ. ಕೊನೇಲಿ ಕುಡೀತಿದ್ದೋರು ಯಾರು?”

ಕೋಣೆಯಲ್ಲಿ ಇದ್ದವರೆಲ್ಲ ದ್ಯಾವಕ್ಕನನ್ನು ನೋಡಿದರು. ಅವಳು ತನ್ನ ಕಾಲಬೆರಳನ್ನು ನೋಡಿಕೊಂಡಳು.

ನನ್ನ ಮೈಯೆಲ್ಲ ಉರಿದು ಹೋಯಿತು. ಇಷ್ಟು ವರ್ಷ ನಾವು ದೊಡ್ಡ ಗುಣ ಎಂದು ಮೆರೆಸಿದ್ದು ಊರ ಬಚ್ಚಲು ನೀರು ಹೋಗಿ ನಿಲ್ಲುವ ಗುಂಡಿಯ ಗುಣ. ರಾಚಣ್ಣನ ಹಿಂಬಾಗಿಲ ಬೆಂಚನ್ನೇ ನಾವು ನಮ್ಮ ಕೋಣೆಯೊಳಗೆ ತಂದು ಹಾಕಿ, ಅದರ ಮೇಲೆ ಇವಳನ್ನು ಕೂರಿಸಿ, ಹೂವಿನ ಹಾರ ಹಾಕಿದ್ದೆವು.

“ಈಗ್ಲೇ ಲೋಟ ತನ್ನಿ,” ಎಂದೆ. “ಅಕ್ಕ ಒಂದು ಗುಟುಕು ಕುಡೀಲಿ. ನಾವೆಲ್ಲ ಹಂಚ್ಕಂಡು ಕುಡ್ದು ಆಲೆಮನೆಗೆ ಹೋಗಿ ಮಲಗಾಣ. ಯಾವ ಮೆರವಣಿಗೆನೂ ಬ್ಯಾಡ, ಯಾವ ಸುಡುಗಾಡೂ ಬ್ಯಾಡ.”

“ಚೌಡಕ್ಕ, ಸೋಮವಾರ ಪುರಸಭೆ ಐತೆ,” ಎಂದ ಬೋರಲಿಂಗ. ಮೆತ್ತಗಿನ ಸ್ವಭಾವದ ಹುಡುಗ, ನನ್ನ ಮುಖ ನೋಡಲಿಲ್ಲ. “ಕೂಲಿ ಲೋಟ ನಿಲ್ಲಿಸ್ಬೇಕೋ ಬ್ಯಾಡವೋ ಅಂತ ಅವತ್ತೇ ತೀರ್ಮಾನ. ದ್ಯಾವಕ್ಕ ಮಾತಾಡ್ದೆ ಇದ್ರೆ ಅಲ್ಲಿ ಯಾರ್ ಮಾತಾಡ್ತಾರೆ? ನಾವೆಲ್ಲ ಮಲಿಕ್ಕಂಡ್ರೆ ಹಿಂಬಾಗಿಲ ಕಾಯೋರ್ಯಾರು? ಹುಡುಗೀರ್ನ ಮತ್ತೆ ಕರ್ಕಂಡೋಗಿ ಕೂರುಸ್ತಾನೆ ರಾಚಣ್ಣ.”

“ಕೂರುಸ್ಲಿ. ಇವ್ಳು ಸತ್ರೆ?”

“ಸೋಮವಾರ ಒಂದು ಕಳೀಲಿ ಅಂದೆ ಅಷ್ಟೇಯ.”

“ನಿನ್ ಸೋಮವಾರಕ್ಕೆ ಬೆಂಕಿ ಬೀಳ! ಅದಾದ್ ಮೇಲೆ ಮಂಗಳವಾರ ಇನ್ನೊಂದು ಇರ್ತದೆ, ನಿಂಗೊತ್ತಿಲ್ವಾ?”

ಕೈ ಎತ್ತಿಸಿದರು. ಸೋಮವಾರ ಆಗಲಿ ಅನ್ನುವವರು ಕೈ ಎತ್ತಿ ಎಂದಾಗ ನನ್ನನ್ನೂ ಮಾಬೂಬಿಯನ್ನೂ ಬಿಟ್ಟು ಉಳಿದವರೆಲ್ಲ ಎತ್ತಿದರು. ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ್ದು ದ್ಯಾವಕ್ಕ. ನಾನು ಅವರನ್ನೆಲ್ಲ ಏನೇನು ಬೈದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ. ಬೈಯುತ್ತಲೇ ತುಂಬಿದ ಪ್ಯಾಕೆಟ್ಟನ್ನು ಚರಂಡಿಗೆ ಸುರಿದೆ.

ಸೋಮವಾರ ಬೆಳಿಗ್ಗೆ ದ್ಯಾವಕ್ಕನಿಗೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ಬೆವರು, ವಾಂತಿ, ಮಾತು ತೊದಲು. ಹೀಗೆ ಪುರಸಭೆಗೆ ಹೋದರೆ ಎರಡು ಮಾತೂ ಆಡಲಾರಳು ಎಂದು ಎಲ್ಲರಿಗೂ ಕಂಡಿತು. ಆಗ ನಡೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಬೋರಲಿಂಗ ಸೈಕಲ್ ಹತ್ತಿ ಹೋದ. ಕುಡಿತ ಬಿಟ್ಟ ಮೇಲೆ ರಾಚಣ್ಣನ ಅಂಗಡಿಯ ಬೀದಿಯಲ್ಲೇ ತಿರುಗಾಡದಿದ್ದವನು, ಸುತ್ತಿ ಬಳಸಿ ಓಡಾಡುತ್ತಿದ್ದವನು, ಆ ಅಂಗಡಿಯ ಮುಂಬಾಗಿಲಿಗೆ ಹೋಗಿ ಸಂಘದ ಡಬ್ಬಿಯ ಕಾಸಿನಲ್ಲಿ ಒಂದು ಪ್ಯಾಕೆಟ್ಟು ಕೊಂಡು ತಂದ. ಅಂಗಿಯ ಒಳಗಿಂದ ತೆಗೆದು ದ್ಯಾವಕ್ಕನ ಕೈಗೆ ಕೊಡುವಾಗ ಅವನು ಅಳುತ್ತಿದ್ದ.

“ಔಷಧಿ ಅಂದ್ಕ ಅಕ್ಕಯ್ಯ,” ಎಂದ.

“ಲೋ, ಔಷಧೀನ ಹಲ್ಲಲ್ಲಿ ಕಚ್ಚಿ ಹರೀತಾರೇನೋ?” ಎಂದು ನಕ್ಕು, ಮೂಲೆ ಕಚ್ಚಿ ಹರಿದು, ಗಟಗಟ ಹೀರಿದಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಡುಕ ನಿಂತಿತು. ಕಣ್ಣಿಗೆ ಹೊಳಪು ಬಂತು. ಸೀರೆ ಸರಿಮಾಡಿಕೊಂಡು, “ನಡೀರಿ,” ಎಂದಳು. ನಮ್ಮ ಹಳೆಯ ದ್ಯಾವಕ್ಕ. ನನಗೆ ಉಗಿಯಬೇಕು ಅನ್ನಿಸಿತು, ಯಾರಿಗೆ ಉಗಿಯಬೇಕೋ ತಿಳಿಯಲಿಲ್ಲ.

ಪುರಸಭೆಯಲ್ಲಿ ಅವಳು ಮಾತಾಡಿದ ಹಾಗೆ ನಾನು ಯಾರೂ ಮಾತಾಡಿದ್ದನ್ನು ಕೇಳಿಲ್ಲ. ನನ್ನ ತಾಯಿಯ ಹೆಸರು ಹೇಳಿದಳು. ಬೆಂಚಿನ ಮೇಲೆ ಸತ್ತ ಒಬ್ಬೊಬ್ಬರ ಹೆಸರನ್ನೂ, ಅವರು ಯಾವ ಹಬ್ಬದ ಹಿಂದು ಮುಂದು ಸತ್ತರು ಎಂಬುದನ್ನೂ ಹೇಳಿದಳು. ಸದಸ್ಯರು ತಲೆ ತಗ್ಗಿಸಿ ಕೂತಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ರಾಚಣ್ಣ ಎದ್ದು ನಿಂತ. ಬಿಳಿ ಪಂಚೆ, ಬಾಯಲ್ಲಿ ಎಲೆಅಡಿಕೆ.

“ಅಧ್ಯಕ್ಷರೇ, ಅಮ್ಮಾವ್ರು ಬಾಳ ಚೆಂದಾಗಿ ಮಾತಾಡಿದ್ರು. ಒಂದು ಸಣ್ಣ ಅರಿಕೆ. ಆವಮ್ಮನ ಬಾಯೊಂದ್ಸಲ ಊದ್ಸಿ ನೋಡಿ ಸ್ವಾಮಿ.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷ ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡತೊಡಗಿದ. ನಾನು ಕಾಲಲ್ಲಿದ್ದ ಚಪ್ಪಲಿಗೆ ಕೈ ಹಾಕಿದೆ. ಮಾಬೂಬಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ದ್ಯಾವಕ್ಕ ನೇರವಾಗಿ ನಡೆದು ಹೋಗಿ, ಅಧ್ಯಕ್ಷನ ಮೇಜಿನ ಮೇಲೆ ಎರಡೂ ಕೈ ಊರಿ, ಅವನ ಮುಖಕ್ಕೆ ಊದಿದಳು.

“ಹೌದು, ಕುಡ್ದಿದ್ದೀನಿ,” ಎಂದಳು. “ಯಾರ್ದು ಅಂತ ಮೂಸಿ ನೋಡಿ. ಇದ್ರಾಗೆ ಚೌಡಿ ಎತ್ತಿದ ಗಿರಣಿ ಸಾವ್ಕಾರಂದು ಐತೆ. ಮಾಬೂಬಿ ಎತ್ತಿದ ನಿಮ್ಮಪ್ಪಂದೂ ಐತೆ ಬುದ್ಧಿ. ನಿಮ್ಮಪ್ಪ ಸಾಯೋ ಕಾಲಕ್ಕೆ ಹಾಲಿನಂಗಿದ್ದ ಅಂತ ಊರೆಲ್ಲ ಹೇಳ್ತದೆ. ಹೆಂಗಿದ್ದ ಅಂತ ಇಲ್ಲಿ ಮೂಸಿ ತಿಳ್ಕಳಿ. ನಾವು ನಿಮ್ಮನೆ ಬಾವಿ ಮುಟ್ಟಿದ್ರೆ ಮೈಲಿಗೆ. ನಿಮ್ಮ ಹೊಟ್ಟೇಲಿದ್ದ ಸಾರಾಯಿ ನಮ್ಮ ಹೊಟ್ಟೆಗೆ ಬಂದ್ರೆ ಮಡಿ.”

ಅಧ್ಯಕ್ಷ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ಆ ಕರವಸ್ತ್ರವನ್ನೇ ತುಂಬ ಹೊತ್ತು ನೋಡುತ್ತಾ ಕೂತ. ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು. ಊರಿನಲ್ಲಿ ಇನ್ನು ಮುಂದೆ ಕೂಲಿ ಕೊಟ್ಟು ಯಾರೂ ಯಾರಿಂದಲೂ ಲೋಟ ಎತ್ತಿಸುವ ಹಾಗಿಲ್ಲ. ರಾಚಣ್ಣ ಹೊರಗೆ ಹೋಗುತ್ತಾ ನನ್ನ ಪಕ್ಕದಲ್ಲಿ ನಿಂತು, “ಗೆದ್ರಿ ಬಿಡ್ರಮ್ಮ. ಈವತ್ತು ಬೆಳಿಗ್ಗೆ ಬೋಣಿ ಮಾಡಿದ್ದು ನಿಮ್ಮ ಪಂಚರ್ ಹುಡುಗನೇ,” ಎಂದು ಹೇಳಿ ಹೋದ.

ಪುರಸಭೆಯ ಮುಂದಿನ ಕಟ್ಟೆಯ ಮೇಲೆ ತಮಟೆ ಬಡಿದರು, ಕುಣಿದರು. ಹುಡುಗಿಯರು ದ್ಯಾವಕ್ಕನನ್ನು ಎತ್ತಿಕೊಂಡರು. ಆಮೇಲೆ ವಾಡಿಕೆಯಂತೆ ಲೋಟ ಬಂತು. ನಾನು ಅದನ್ನು ಕಸಿದುಕೊಂಡೆ. ತುಂಬ ನೀರು ಹಾಕಿ, “ಈವತ್ತು ಮೊದಲ್ನೇ ಗುಟುಕು ನಿಂದು,” ಎಂದು ದ್ಯಾವಕ್ಕನ ಕೈಗೆ ಕೊಟ್ಟೆ. ಅವಳು ಬೇಡವೆಂದು ತಲೆಯಾಡಿಸಿದಳು. “ಕುಡೀದಿದ್ರೆ ಈ ನೀರು ನಿನ್ ತಲೆ ಮ್ಯಾಲೆ ಸುರೀತೀನಿ,” ಎಂದೆ. ಅವಳು ಎಲ್ಲರ ಮುಖ ನೋಡಿದಳು. ನೋಡಿ, ಒಂದು ಗುಟುಕು ಕುಡಿದಳು. ಸೋಮವಾರದ ಸಭೆ ಮುಗಿದಿತ್ತಲ್ಲ.

ಲೋಟ ಸುತ್ತು ಹೊರಟಿತು. ಒಬ್ಬೊಬ್ಬರೂ ಭಕ್ತಿಯಿಂದ ಎರಡೂ ಕೈಯಲ್ಲಿ ಹಿಡಿದು, ತುಟಿಗೆ ಇಟ್ಟು, ಗಂಟಲು ಆಡಿಸಿ, ಮುಂದಿನವರಿಗೆ ಕೊಟ್ಟರು. ಬೋರಲಿಂಗನೂ ತುಟಿಗಿಟ್ಟು ಕೊಟ್ಟ. ಮಾಬೂಬಿ ಎರಡು ಗುಟುಕು ಜೋರಾಗಿ ಸದ್ದು ಮಾಡಿ ಕುಡಿದಳು. ಲೋಟ ಸುತ್ತು ಮುಗಿಸಿ ನನ್ನ ಕೈಗೆ ಬಂದಾಗ ಅದರ ಭಾರ ತಿಳಿಯಿತು. ಬಗ್ಗಿ ನೋಡಿದೆ. ದ್ಯಾವಕ್ಕ ಕುಡಿದದ್ದೂ ಮಾಬೂಬಿ ಕುಡಿದದ್ದೂ ಬಿಟ್ಟರೆ ಒಂದು ಹನಿಯೂ ಇಳಿದಿರಲಿಲ್ಲ. ಅಷ್ಟು ಜನ ಬರೀ ತುಟಿ ಒದ್ದೆ ಮಾಡಿಕೊಂಡು ಕೊಟ್ಟಿದ್ದರು.

ನಾನು ಒಬ್ಬೊಬ್ಬರನ್ನೂ ನೋಡಿದೆ. ಒಬ್ಬಳಿಗೆ ಎದೆಹಾಲು ಕುಡಿಯುವ ಕೂಸಿತ್ತು. ಒಬ್ಬ ನಾಳೆ ಕೆಲಸಕ್ಕೆ ಹೋಗದಿದ್ದರೆ ಅವನ ಜಾಗಕ್ಕೆ ಬದಲಿ ಆಳು ಬರುತ್ತಾನೆ. ಬೋರಲಿಂಗ ಬೆಳಿಗ್ಗೆಯಿಂದ ಆ ವಾಸನೆಯನ್ನು ಎದೆಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದ. ಬೈಯಲು ತೆಗೆದ ಬಾಯಿಗೇ ಲೋಟ ಇಟ್ಟೆ. ನನಗೆ ಆದಷ್ಟು ಕುಡಿದೆ. ಮುಕ್ಕಾಲು ಇಳಿಸಿದೆ. ಹೊಟ್ಟೆಯೊಳಗೆ ಕೆಂಡ ಸುರಿದ ಹಾಗಾಯಿತು. ಇನ್ನೊಂದು ಗುಟುಕು ಇಳಿಯಲಿಲ್ಲ, ಕೆಮ್ಮು ಬಂತು. ದ್ಯಾವಕ್ಕ ಬಂದು ಲೋಟ ತೆಗೆದುಕೊಂಡಳು. “ಸಾಕು ಬಿಡು, ಸತ್ತೀಯ,” ಎಂದು ನನ್ನ ಬೆನ್ನು ತಟ್ಟಿ, ತಳದಲ್ಲಿ ಉಳಿದದ್ದನ್ನು ಎತ್ತಿ ತಾನೇ ಕುಡಿದಳು. ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು. ಅವಳಿಗೂ ಲೋಟದ ಭಾರ ತಿಳಿದಿತ್ತು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ನಾವು ಮೂವರೂ ಬಿಡುವಿನ ಮನೆಗೆ ಹೋದೆವು. ಮೂರು ಚಾಪೆ ಹಾಸಿದೆವು. ಮೊದಮೊದಲು ನರಕ. ಮಾಬೂಬಿ ಮಲಗಿದಲ್ಲೇ ಬರಿಗೈಯಲ್ಲಿ ಗಾಳಿಯನ್ನು ಬೀಡಿ ಸುತ್ತುತ್ತಿದ್ದಳು. ನಾನು ಗೋಡೆಗೆ ಒದೆಯುತ್ತಿದ್ದೆ, ಗಂಜಿ ತಂದವರ ಮೇಲೆ ಗಂಜಿ ಚೆಲ್ಲುತ್ತಿದ್ದೆ. ದ್ಯಾವಕ್ಕ ಮಾತ್ರ ಸದ್ದಿಲ್ಲದೆ, ಸೊಂಟ ಮುರಿದವಳ ಹಾಗೆ, ಮುದುರಿ ಮಲಗಿದ್ದಳು. ಅವಳಿಗೆ ಮಲಗಿ ಅಭ್ಯಾಸವೇ ತಪ್ಪಿಹೋಗಿತ್ತು. ಆ ಮನೆ ಶುರುವಾದ ಮೇಲೆ ಅವಳು ಅಲ್ಲಿ ಚಾಪೆ ಹಾಸಿದ್ದು ಅದೇ ಮೊದಲು. ಕಣ್ಣು ಮುಚ್ಚಿದರೆ, “ಯಾರೋ ಕರೀತಾವ್ರೆ,” ಎಂದು ಎದ್ದು ಕೂರುತ್ತಿದ್ದಳು. “ಯಾರೂ ಕರೀತಿಲ್ಲ, ಬಿದ್ಕೊ,” ಎಂದು ನಾನು ಗದರುತ್ತಿದ್ದೆ.

ಬರಬರುತ್ತಾ ಅವಳಿಗೆ ನಿದ್ದೆ ಬಂತು. ಬಾಯಿ ತೆರೆದುಕೊಂಡು ಗೊರಕೆ ಹೊಡೆದಳು. ಆ ಗೊರಕೆ ಕೇಳಿ ನಾನೂ ಮಾಬೂಬಿಯೂ ನಕ್ಕೆವು. ಅವಳ ಬೆರಳಿನ ನಡುಕ ಕಡಿಮೆಯಾಯಿತು. ಒಂದು ದಿನ ಗಂಜಿಗೆ ಉಪ್ಪಿನಕಾಯಿ ಕೇಳಿದಳು. ಇನ್ನೊಂದು ದಿನ, “ಈ ಗ್ವಾಡೆ ಇನ್ನೂ ಬೆಲ್ಲದ ವಾಸ್ನೆ ಬತ್ತೈತಲ್ಲೇ ಚೌಡಿ, ಬಂದೋರೆಲ್ಲ ಹೇಳೋರು, ನನ್ ಮೂಗಿಗೆ ಬಡ್ದೇ ಇರ್ಲಿಲ್ಲ,” ಎಂದಳು. ಇನ್ನು ಸ್ವಲ್ಪ ಕಾಲ ಹೀಗೇ ಬಿದ್ದುಕೊಂಡರೆ ಸಾಕು, ಉಳಿಯುತ್ತಾಳೆ ಎಂದು ನನಗೆ ಧೈರ್ಯ ಬಂತು.

ಆ ಬೆಳಿಗ್ಗೆ ಅವಳ ತಲೆಗೆ ಹರಳೆಣ್ಣೆ ಹಾಕಿ ಜಡೆ ಹೆಣೆಯುತ್ತಿದ್ದೆ. ಬೋರಲಿಂಗ ಬಾಗಿಲ ಹೊರಗೆ ಸೈಕಲ್ ನಿಲ್ಲಿಸಿದ ಸದ್ದು ಕೇಳಿತು. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತ.

“ದ್ಯಾವಕ್ಕ, ಕೆರೆ ಆಚೆ ಊರಲ್ಲಿ ರಾಚಣ್ಣ ಅಂಗಡಿ ತೆಗ್ದವ್ನೆ. ಹಿಂಬಾಗಿಲೂ ತೆಗ್ದವ್ನೆ. ಅಲ್ಲಿ ಹೆಂಗಸ್ರು ಸೇರ್ತಾವ್ರೆ ಈವತ್ತು. ನೀನೇ ಬರ್ಬೇಕಂತೆ. ನೀನ್ ಬಂದ್ರೆ ಮಾತ್ರ ಬಾಯ್ ಬಿಡ್ತಾರಂತೆ.”

“ಬರಲ್ಲ ಅಂತ ಹೇಳೋ,” ಎಂದು ನಾನು ಒಳಗಿನಿಂದಲೇ ಕೂಗಿದೆ.

“ಒಂದು ಮಾತು ಆಡಿ ಬಂದ್ಬಿಡ್ಲಿ ಚೌಡಕ್ಕ. ಸಂಜೆಗೆ ನಾನೇ ಕರ್ಕಂಡು ಬಂದು ಬಿಡ್ತೀನಿ.”

“ನಿನ್ ಸೈಕಲ್ ಮುರಿದಾಕ್ತೀನಿ ನೋಡು! ಒಂದು ಊರಾಯ್ತು, ಇನ್ನೊಂದಾಯ್ತು. ಲೋಕದ ಹಿಂಬಾಗಿಲೆಲ್ಲ ಇವ್ಳೊಬ್ಳೇ ಹೋಗಿ ಮುಚ್ಬೇಕಾ? ನೀನ್ ಹೋಗಿ ಮಾತಾಡು. ನಿಂಗೆ ಬಾಯಿಲ್ವಾ?”

ದ್ಯಾವಕ್ಕ ನನ್ನ ಕೈಯಿಂದ ಜಡೆ ಬಿಡಿಸಿಕೊಂಡಳು. “ಅಲ್ಲೂ ಬೆಂಚು ಹಾಕವ್ನೇನೋ?” ಎಂದು ಕೇಳಿದಳು.

“ಹಾಕವ್ನೆ ಕಣಕ್ಕ. ಇನ್ನೂ ಮೀಸೆ ಮೂಡದ ಹುಡುಗ್ರ ಚಟಾನೂ ಎತ್ತಿಸ್ತಾವ್ನೆ. ನಿನ್ನೆ ಒಬ್ಳು ಬೆಂಚಿನ ಮ್ಯಾಲೇ ಹೋದ್ಲು.”

ಅವಳು ಎದ್ದು ನಿಂತಳು. ನಾನೂ ಎದ್ದು ಅವಳ ಸೆರಗು ಹಿಡಿದೆ. ನನ್ನ ಪಾಲು ದೊಡ್ಡದಿತ್ತು, ಕಾಲು ನಿಲ್ಲಲಿಲ್ಲ. ಗೋಡೆ ಹಿಡಿದುಕೊಳ್ಳಲು ಸೆರಗು ಬಿಡಬೇಕಾಯಿತು.

“ಹೋಗ್ಬ್ಯಾಡ ಅಕ್ಕ. ಅರ್ಧ ಒಣಗಿದ್ದೀಯ. ಈಗ ಎದ್ದೋದ್ರೆ ಎಲ್ಲಾ ವಾಪಸ್ ಬತ್ತೈತೆ. ನೀನೇ ಅಲ್ವೇನೇ ನಂಗೆ ಹೇಳಿದ್ದು? ನಾನು ಏಳಕ್ಕೆ ಹೋದ್ರೆ ಎದೆ ಮ್ಯಾಲೆ ಕೂತ್ಕಂತಿದ್ದೆಯಲ್ಲ!”

“ನೀನು ನನ್ ಎದೆ ಮ್ಯಾಲೆ ಕೂತ್ರೆ ನಾನ್ ಸತ್ತೇ ಹೋಗ್ತೀನಿ ಕಣೇ, ಎಮ್ಮೆ ಆದಂಗಾಗಿದ್ದೀಯ,” ಎಂದು ನಕ್ಕಳು. ಮಾಬೂಬಿಯ ಹೊದಿಕೆ ಸರಿಮಾಡಿದಳು. ಬಾಗಿಲ ಹತ್ತಿರ ಹೋಗಿ ತಿರುಗಿ, “ಸಂಜೆಗೆ ಬಂದು ಉಳಿದರ್ಧ ಜಡೆ ಹಾಕಿಸ್ಕಂತೀನಿ. ಬಾಚಣಿಗೆ ಎಲ್ಲೂ ಇಡಬ್ಯಾಡ,” ಎಂದಳು. ಅರ್ಧ ಹೆಣೆದ ಜಡೆ, ಅರ್ಧ ಬಿಚ್ಚಿದ ಕೂದಲು ಬೆನ್ನ ಮೇಲೆ ಇಳಿಬಿದ್ದಿತ್ತು. ಎಣ್ಣೆ ಮಿಂಚುತ್ತಿತ್ತು. ಸೈಕಲ್ಲಿನ ಹಿಂದೆ ಕೂತು ಹೋದಳು. ನಾನು ಕಿಟಕಿಯ ಕಂಬಿ ಹಿಡಿದು, ಹಾದಿ ತಿರುಗುವವರೆಗೆ ಬೈದೆ.

ದೀಪ ಹಚ್ಚುವ ಹೊತ್ತಿಗೆ ಬೋರಲಿಂಗ ಬಂದ. ಸೈಕಲ್ಲಿನ ಹಿಂದೆ ಯಾರೂ ಇರಲಿಲ್ಲ.

“ಚೆನ್ನಾಗಿ ಮಾತಾಡಿದ್ಲು,” ಎಂದ. “ಎಲ್ಲಾ ಹೆಂಗಸ್ರೂ ಬೆಂಚು ಬಿಟ್ಟು ಎದ್ದು ಬಂದ್ರು. ಸಂಘ ಆಯ್ತು. ಆಮ್ಯಾಲೆ ಈಗ ಬತ್ತೀನಿ ಅಂತ ಗುಂಪಿಂದ ಎದ್ದು ಹೋದ್ಲು. ಕಾದೆ. ಊರೆಲ್ಲ ಹುಡುಕ್ದೆ. ಕೆರೆ ಏರಿ ಮೇಲೂ ನೋಡ್ದೆ.”

ಅವಳು ಆ ರಾತ್ರಿಯೂ ಬರಲಿಲ್ಲ, ಆಮೇಲೂ ಬರಲಿಲ್ಲ. ಆದರೆ ಬೋರಲಿಂಗ ಹೊಸ್ತಿಲಲ್ಲಿ ನಿಂತಿದ್ದ ಆ ಹೊತ್ತಿಗೆ ಅದು ನಮಗೆ ಗೊತ್ತಿರಲಿಲ್ಲ. ಬಾಚಣಿಗೆ ನನ್ನ ಕೈಯಲ್ಲೇ ಇತ್ತು. ಮಾಬೂಬಿ ಮಲಗಿದಲ್ಲಿಂದ ತಲೆ ಎತ್ತಿದಳು.

“ಸಂಘ ಆಯ್ತು ಅಂದ್ಯಲ್ಲ,” ಎಂದು ಅವನನ್ನು ಕೇಳಿದಳು. “ಲೋಟ ಸುತ್ತು ಬಂತಾ?”

“ಬಂತು.”

“ಕೊನೇಲಿ ಕುಡ್ದೋರು ಯಾರು?”

ಬೋರಲಿಂಗ ಮೂರನೇ ಚಾಪೆಯನ್ನು ನೋಡುತ್ತಾ ನಿಂತ.